ಹಾರದ ಗುಂಡಿಗೆ ಹನ್ನೊಂದು ವರ್ಷ

1930ರ ಏಪ್ರಿಲ್ ತಿಂಗಳು ನಮ್ಮ ಕರಾವಳಿಯವರ ನೆನಪಿನಲ್ಲಿ ಉಳಿದಿರುವುದು ಉಪ್ಪಿನಿಂದ. 13ನೆಯ ತಾರೀಕು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾಯಿದೆ ಮುರಿದರು. ಮಂಗಳೂರಿನಲ್ಲಿ ಕಾರ್ನಾಡು ಸದಾಶಿವರಾಯರು ಅದೇ ಕೆಲಸಕ್ಕೆ ಇಳಿದರು. ಆ ತಿಂಗಳು ಕಳೆಯುವುದರೊಳಗೆ ದೇಶದ ಆ ತುದಿಯಲ್ಲಿ, ಖೈಬರ್ ಕಣಿವೆಯ ಬಾಗಿಲಿನ ಪೇಶಾವರದಲ್ಲಿ, ಉಪ್ಪಿನದೇ ಇನ್ನೊಂದು ಪ್ರಶ್ನೆ ಎದ್ದಿತು. ಸರಕಾರದ ಉಪ್ಪು ತಿಂದ ಸಿಪಾಯಿ, ಬರಿಗೈಯಲ್ಲಿ ನಿಂತ ತನ್ನ ದೇಶದವನ ಮೇಲೆ ಗುಂಡು ಹಾರಿಸಲೇಬೇಕೇ? ಗಢವಾಲದ ಒಬ್ಬ ಹವಾಲ್ದಾರ ಬೇಡವೆಂದ. ಬೇಡವೆಂದದ್ದಕ್ಕೆ ಹನ್ನೊಂದು ವರ್ಷ ಜೈಲಿನಲ್ಲಿ ಕೂತ. ಅವನಿಗೆ ಜೈಕಾರ ಹಾಕಿದವರು ಇಡೀ ದೇಶದಲ್ಲಿದ್ದರು. ಹಾಗಿದ್ದೂ ಅವನು ಯಾಕೆ ಬೇಗ ಹೊರಬರಲಿಲ್ಲ ಎಂಬ ಕತೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಲಿಲ್ಲ.

ಏಪ್ರಿಲ್ 23ರ ಬೆಳಿಗ್ಗೆ ಪೇಶಾವರದ ಕಾಂಗ್ರೆಸ್ ಮುಖಂಡರನ್ನು ಹಿಡಿದರು. ಖಾನ್ ಅಬ್ದುಲ್ ಗಫಾರ್ ಖಾನರ ಬಂಧನವಾದದ್ದೂ ಅದೇ ದಿನ. ಅವರ ಅನುಯಾಯಿಗಳಾದ ಕೆಂಪಂಗಿಯ ಖುದಾಯಿ ಖಿದ್ಮತ್ಗಾರರೂ ಊರಿನವರೂ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಒಟ್ಟು ಸೇರಿದರು. ಸೇಡಿಗೆ ಹೆಸರಾದ ಪಠಾಣರು ಕೈಯಲ್ಲಿ ಒಂದು ಕೋಲೂ ಇಲ್ಲದೆ ಬಂದಿದ್ದರು. ಸರಕಾರ ಕವಚ ಹೊದೆಸಿದ ಮೋಟಾರುಗಳನ್ನು ಆ ಗುಂಪಿನ ಒಳಗೇ ನುಗ್ಗಿಸಿತು. ಕೆಲವರು ಗಾಲಿಯಡಿಗೆ ಸಿಕ್ಕಿ ಸತ್ತರು, ಒಂದು ಮೋಟಾರಿಗೆ ಬೆಂಕಿ ಬಿತ್ತು, ಆಮೇಲೆ ಗುಂಡು. ಸತ್ತವರು ಸರಕಾರದ ಲೆಕ್ಕದಲ್ಲಿ 30ರ ಆಸುಪಾಸು, ಕಾಂಗ್ರೆಸ್ಸಿನ ಪರವಾಗಿ ವಿಚಾರಣೆ ನಡೆಸಿದ ವಿಠ್ಠಲಭಾಯಿ ಪಟೇಲರ ಸಮಿತಿಯ ಲೆಕ್ಕದಲ್ಲಿ 125. ಆ ಸಮಿತಿಗೆ ಪೇಶಾವರದೊಳಗೆ ಕಾಲಿಡಲು ಬಿಡಲಿಲ್ಲ. ರಾವಲ್ಪಿಂಡಿಯಲ್ಲಿ ಕೂತು ಸಾಕ್ಷಿ ಕೇಳಿ ಬರೆದ ವರದಿಯನ್ನೂ ಸರಕಾರ ಮುಟ್ಟುಗೋಲು ಹಾಕಿತು.

ಊರಿನಲ್ಲಿದ್ದ ಪಡೆಗಳಲ್ಲಿ 18ನೆಯ ರಾಯಲ್ ಗಢವಾಲ್ ರೈಫಲ್ಸಿನ ಎರಡನೆಯ ಬೆಟಾಲಿಯನ್ ಒಂದು. ಸಾಧಾರಣ ರೆಜಿಮೆಂಟಲ್ಲ. ಮೊದಲ ಮಹಾಯುದ್ಧದಲ್ಲಿ ದರ್ವಾನ್ ಸಿಂಗ್ ನೇಗಿ, ಗಬರ್ ಸಿಂಗ್ ನೇಗಿ ಎಂಬಿಬ್ಬರು ವಿಕ್ಟೋರಿಯಾ ಕ್ರಾಸ್ ಪಡೆದದ್ದು ಇದರಲ್ಲಿದ್ದುಕೊಂಡೇ. ಯುದ್ಧ ಮುಗಿದ ಮೇಲೆ ದೊರೆ ಮೆಚ್ಚಿ ‘ರಾಯಲ್’ ಎಂಬ ಬಿರುದು ಕೊಟ್ಟಿದ್ದ. ನಂಬಿದರೆ ಇವರನ್ನು ನಂಬಬೇಕು ಎಂದು ಸಾಹೇಬರು ಲೆಕ್ಕ ಹಾಕಿದ್ದರು. ಲೆಕ್ಕದಲ್ಲಿ ಇನ್ನೊಂದು ಗಂಟೂ ಇತ್ತು: ಗುಂಡು ಹಾರಿಸಬೇಕಾದವರು ಹಿಂದೂಗಳು, ಗುಂಡಿಗೆ ಎದುರಾಗುವವರು ಮುಸಲ್ಮಾನರು. ಪೇಶಾವರದಲ್ಲಿ ಹಿಂದೂಗಳು ಬೆರಳೆಣಿಕೆಯಷ್ಟಿದ್ದಾರೆ, ಅವರ ಅಂಗಡಿಗಳನ್ನು ಉಳಿಸುವುದು ನಿಮ್ಮ ಕೆಲಸ ಎಂದು ಒಬ್ಬ ಅಧಿಕಾರಿ ಮೊದಲೇ ಪಾಠ ಹೇಳಿದ್ದನಂತೆ. ಅಧಿಕಾರಿ ಅತ್ತ ಹೋದ ಮೇಲೆ ಹವಾಲ್ದಾರ ಚಂದ್ರ ಸಿಂಗ್ ಭಂಡಾರಿ ತನ್ನವರಿಗೆ ಬೇರೆ ಪಾಠ ಹೇಳಿದ: ಇದು ಹಿಂದೂ–ಮುಸಲ್ಮಾನರ ಜಗಳವಲ್ಲ, ಸರಕಾರಕ್ಕೂ ಕಾಂಗ್ರೆಸ್ಸಿಗೂ ನಡೆದಿರುವುದು.

ಚಂದ್ರ ಸಿಂಗ್ ಹುಟ್ಟಿದ್ದು 1891ರಲ್ಲಿ, ಪೌಡಿ ಗಢವಾಲದ ಬೆಟ್ಟದ ಊರಿನಲ್ಲಿ. 1914ರಲ್ಲಿ ಲ್ಯಾನ್ಸ್‌ಡೌನ್ ಛಾವಣಿಯಲ್ಲಿ ಸೈನ್ಯಕ್ಕೆ ಸೇರಿ, ಫ್ರಾನ್ಸ್ ನೋಡಿ, ಮೆಸೊಪೊಟೇಮಿಯ ನೋಡಿ ಬಂದಿದ್ದ. ಮಧ್ಯೆ ಆರ್ಯಸಮಾಜದ ಗಾಳಿ ತಗುಲಿತ್ತು, ಬ್ಯಾರಕಿನಲ್ಲಿ ಕದ್ದು ಪತ್ರಿಕೆ ಓದುವ ಅಭ್ಯಾಸವೂ ಹತ್ತಿತ್ತು. 1929ರಲ್ಲಿ ಗಾಂಧೀಜಿ ಕುಮಾವೂಂ ಪ್ರವಾಸದಲ್ಲಿ ಬಾಗೇಶ್ವರಕ್ಕೆ ಬಂದಾಗ ಅವರ ಕೈಯಿಂದಲೇ ಒಂದು ಖಾದಿ ಟೋಪಿ ಇಸಿದುಕೊಂಡ, ಇದರ ಬೆಲೆ ತೀರಿಸುತ್ತೇನೆಂದ ಎಂದು ಆ ಕಡೆಯವರು ಹೇಳುತ್ತಾರೆ. ಟೋಪಿಯ ಕತೆ ಮುಂದೆ ಕೆಲಸಕ್ಕೆ ಬರುತ್ತದೆ.

ಆ ದಿನ ನಡೆದದ್ದರ ಬಗ್ಗೆ ಎರಡು ಕಥನಗಳಿವೆ. ಜನರ ಬಾಯಲ್ಲಿರುವುದು, ರಾಹುಲ ಸಾಂಕೃತ್ಯಾಯನರು 1957ರಲ್ಲಿ ಬರೆದ ಜೀವನಚರಿತ್ರೆಯ ಮೂಲಕ ಹಬ್ಬಿದ್ದು ಇದು: 23ರಂದು ಬಜಾರಿನಲ್ಲಿ ಕ್ಯಾಪ್ಟನ್ ರಿಕೆಟ್ ಗುಂಡು ಹಾರಿಸಲು ಹುಕುಂ ಕೊಟ್ಟ, ಪಕ್ಕದಲ್ಲೇ ನಿಂತಿದ್ದ ಚಂದ್ರ ಸಿಂಗ್ ‘ಗಢವಾಲಿ, ಸೀಸ್ ಫೈರ್’ ಎಂದು ಕೂಗಿದ, ಬಂದೂಕುಗಳು ಕೆಳಗಿಳಿದವು. ಸರಕಾರಿ ಕಾಗದಗಳು ಹೇಳುವುದು ಮರುದಿನದ ಮಾತು: 24ರಂದು ಎರಡು ಪ್ಲಟೂನುಗಳು ಮತ್ತೆ ಊರೊಳಗೆ ಹೋಗುವುದಿಲ್ಲವೆಂದು ಹಟ ಹಿಡಿದವು. ತಮ್ಮನ್ನು ನೌಕರಿಯಿಂದ ಬಿಟ್ಟುಬಿಡಿ ಎಂದು ಕೇಳಿಕೊಂಡವು. ನಾಟಕಕ್ಕೆ ಮೊದಲನೆಯದು ಚೆಂದ. ನನಗೆ ಮಾತ್ರ ಎರಡನೆಯದು ಹೆಚ್ಚು ತೂಕದ್ದೆನಿಸುತ್ತದೆ. ಗದ್ದಲದ ನಡುವೆ ಬಾಯಿಗೆ ಬಂದ ಒಂದು ಕೂಗಿಗಿಂತ, ರಾತ್ರಿಯಿಡೀ ತಲೆದಿಂಬಿನ ಮೇಲೆ ಹೊರಳಾಡಿ, ಫಲ ಏನೆಂದು ತಿಳಿದೂ ಬೆಳಿಗ್ಗೆ ಬೇಡವೆನ್ನುವುದಕ್ಕೆ ಗುಂಡಿಗೆ ಹೆಚ್ಚು ಬೇಕು. ದಂಗೆಗೆ ಶಿಕ್ಷೆ ಮರಣವೆಂದು ಸಿಪಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸರಕಾರ ಬೆಚ್ಚಿತು. ಪಡೆಗಳನ್ನು ಪೇಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು. ಮೇ 4ರಂದು ಮತ್ತೆ ಸೈನ್ಯ ಒಳಬರುವವರೆಗೆ, ಹತ್ತಿರ ಹತ್ತಿರ ಹತ್ತು ದಿನ, ಪೇಶಾವರ ಜನರ ಕೈಯಲ್ಲಿತ್ತು. ಗಢವಾಲಿಗಳ ಬಂದೂಕು ಕಿತ್ತುಕೊಂಡು ಅಬೋಟಾಬಾದಿಗೆ ಸಾಗಿಸಿದರು. ಅಲ್ಲಿ ಕೋರ್ಟ್ ಮಾರ್ಷಲ್. ಇವರ ಪರವಾಗಿ ವಾದಿಸಲು ಗಢವಾಲದವರೇ ಆದ ಬ್ಯಾರಿಸ್ಟರ್ ಮುಕುಂದಿ ಲಾಲ್ ಬಂದರು. ಹೊರಗಿನ ಶತ್ರುವಿನೊಡನೆ ಕಾದಲು ನಾವು ಸೈನ್ಯ ಸೇರಿದ್ದು, ನಿರಾಯುಧರಾದ ನಮ್ಮವರನ್ನು ಕೊಲ್ಲುವುದಿಲ್ಲ, ಬೇಕಿದ್ದರೆ ತೋಪಿನ ಬಾಯಿಗೆ ಕಟ್ಟಿ ಎಂಬ ಅರ್ಥದ ಮಾತು ಆ ಸಿಪಾಯಿಗಳ ಹೆಸರಿನಲ್ಲಿ ದೇಶವೆಲ್ಲ ಹರಡಿತು. ತೋಪಿಗೆ ಕಟ್ಟಲಿಲ್ಲ. ಚಂದ್ರ ಸಿಂಗನಿಗೆ ಜೀವಾವಧಿ ಕರಿನೀರು, ಒಬ್ಬನಿಗೆ 15 ವರ್ಷ, ಇನ್ನು 15 ಮಂದಿಗೆ 3ರಿಂದ 10 ವರ್ಷದವರೆಗೆ ಕಠಿಣ ಸಜೆ. ಚಂದ್ರ ಸಿಂಗನ ಆಸ್ತಿಯೂ ಜಪ್ತಿಯಾಯಿತು.

ಗಢವಾಲ್ ದಿನ ಆಚರಿಸಲು ಕಾಂಗ್ರೆಸ್ಸಿನಿಂದ ಕರೆ ಬಂತು. ಮೆರವಣಿಗೆ, ಸಭೆ, ಜೈಕಾರ. ಆ ಕಾಲದಲ್ಲಿ ಇದು ಸುಲಭವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಪೇಶಾವರದ ಗೋಲೀಬಾರಾಗಿ ನಾಲ್ಕೇ ದಿನಕ್ಕೆ, ಏಪ್ರಿಲ್ 27ರಂದು, ವೈಸರಾಯ್ ಪತ್ರಿಕಾ ಸುಗ್ರೀವಾಜ್ಞೆ ಹೊರಡಿಸಿದ್ದ. ಪತ್ರಿಕೆಯವರು ಠೇವಣಿ ಕಟ್ಟಬೇಕು, ಸರಕಾರಕ್ಕೆ ಹಿಡಿಸದ್ದು ಅಚ್ಚಾದರೆ ಠೇವಣಿ ಹೋಯಿತು. ಎಷ್ಟೋ ಪತ್ರಿಕೆಗಳು ಬಾಗಿಲು ಹಾಕಿಕೊಂಡವು. ಸೈಕ್ಲೋಸ್ಟೈಲ್ ಹಾಳೆಗಳು ಕೈಯಿಂದ ಕೈಗೆ ದಾಟಿ ಸುದ್ದಿ ಮುಟ್ಟಿಸಿದವು. ಜೂನ್ ಮೊದಲ ವಾರ ಅಲಹಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಕಾರ್ಯಸಮಿತಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಸೈನಿಕರೂ ಪೋಲೀಸರೂ ಚಳವಳಿಗಾರರನ್ನು ಅಣ್ಣತಮ್ಮಂದಿರಂತೆ ಕಾಣಬೇಕೆಂಬ ಠರಾವು ಮಾಡಿತು. ಸರಕಾರಕ್ಕೆ ತಡೆಯಲಾಗಲಿಲ್ಲ. ಜೂನ್ 30ರಂದು ಮೋತಿಲಾಲ್ ನೆಹರೂ ಬಂಧನವಾಯಿತು, ಕಾರ್ಯಸಮಿತಿಯೇ ಅಕ್ರಮ ಸಂಸ್ಥೆ ಎಂದಾಯಿತು. ಉಪ್ಪು ಮಾಡಿದರೆ ಸಹಿಸಬಹುದು, ಸಿಪಾಯಿಯ ಮನಸ್ಸು ಮುಟ್ಟಿದರೆ ಆಗದು.

ಈ ಭಯ ಸರಕಾರಕ್ಕೆ ಹೊಸದಲ್ಲ. 1920ರ ಆಗಸ್ಟ್ 19ರಂದು ಗಾಂಧೀಜಿ ಮೊದಲ ಸಲ ಮಂಗಳೂರಿಗೆ ಬಂದಾಗ ಅವರೊಡನೆ ಬಂದಿದ್ದವರು ಶೌಕತ್ ಅಲಿ. ಮರುವರ್ಷ ಜುಲೈಯಲ್ಲಿ ಕರಾಚಿಯ ಖಿಲಾಫತ್ ಪರಿಷತ್ತು, ಬ್ರಿಟಿಷ್ ಸೈನ್ಯದಲ್ಲಿ ಚಾಕರಿ ಮಾಡುವುದು ಮುಸಲ್ಮಾನನಿಗೆ ಧರ್ಮಬಾಹಿರವೆಂದು ಠರಾವು ಮಾಡಿತು. ಅದಕ್ಕಾಗಿ ಅಲಿ ಸಹೋದರರಿಗೆ ಎರಡೆರಡು ವರ್ಷ ಸಜೆಯಾಯಿತು. ಆಗ ದೇಶ ಕೊಟ್ಟ ಬೆಂಬಲದ ರೀತಿ ಸೊಗಸಾದದ್ದು. ಯಾವ ಮಾತಿಗೆ ಸಜೆಯಾಯಿತೋ ಅದೇ ಮಾತನ್ನು ಊರೂರಿನ ವೇದಿಕೆಗಳಲ್ಲಿ ಎದ್ದು ನಿಂತು ಓದಿದರು, ಹಿಡಿಯುವುದಾದರೆ ನಮ್ಮನ್ನೂ ಹಿಡಿಯಿರಿ ಎಂದು. ಸರಕಾರ ಅಷ್ಟು ಜನರನ್ನು ಹಿಡಿಯಲಿಲ್ಲ. 1921ರ ಅಕ್ಟೋಬರಿನಲ್ಲಿ ಗಾಂಧೀಜಿಯೇ ಮೊದಲ ಸಹಿ ಹಾಕಿ ಹೊರಡಿಸಿದ ಹೇಳಿಕೆ, ಪ್ರತಿಯೊಬ್ಬ ಭಾರತೀಯ ಸೈನಿಕ ಈ ಸರಕಾರದ ಸಂಬಂಧ ಕಡಿದುಕೊಂಡು ಬೇರೆ ಜೀವನೋಪಾಯ ಹುಡುಕಿಕೊಳ್ಳಬೇಕಾದುದು ಕರ್ತವ್ಯವೆಂದು ಸಾರಿತ್ತು. ಹಾಗಿದ್ದರೆ ಒಂಬತ್ತು ವರ್ಷದ ಮೇಲೆ ಆ ಕರ್ತವ್ಯ ಮಾಡಿ ಜೈಲಿಗೆ ಹೋದವರನ್ನು ಬಿಡಿಸದೆ ಇರಲಾದೀತೆ?

1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಅದಕ್ಕೆ ಉತ್ತರವಿದೆ. ಸತ್ಯಾಗ್ರಹದ ಕೈದಿಗಳ ಬಿಡುಗಡೆ, ಉಪ್ಪಿನಲ್ಲಿ ಒಂದಿಷ್ಟು ರಿಯಾಯಿತಿ ಎಲ್ಲ ಅದರಲ್ಲಿತ್ತು. ಜೊತೆಗೆ ಇನ್ನೊಂದು ಸಾಲು: ಆಜ್ಞೆ ಮೀರಿದ್ದಕ್ಕೆ ಶಿಕ್ಷೆಯಾದ ಸೈನಿಕರೂ ಪೋಲೀಸರೂ, ಇಂಥ ಪ್ರಕರಣಗಳು ತೀರ ಕಡಿಮೆ, ಈ ಕ್ಷಮಾದಾನಕ್ಕೆ ಸೇರುವುದಿಲ್ಲ. ಅಹಿಂಸೆಯ ಹೆಸರಿನಲ್ಲಿ ಉಪ್ಪು ಮಾಡಿದವರು ಮನೆಗೆ ಬಂದರು. ಬಂದೂಕು ಕೈಯಲ್ಲಿದ್ದೂ ಹಿಂಸೆ ಬೇಡವೆಂದವರು ಒಳಗೇ ಉಳಿದರು. ಕೂಗೆದ್ದಿತೇ ಎಂದರೆ, ಆ ತಿಂಗಳು ದೇಶದ ಕಿವಿಯೆಲ್ಲ ಲಾಹೋರಿನ ಕಡೆಗಿತ್ತು. 23ರಂದು ಭಗತ್ ಸಿಂಗ್, ರಾಜಗುರು, ಸುಖದೇವರನ್ನು ಗಲ್ಲಿಗೇರಿಸಿದರು. ಆ ದುಃಖದ ಮುಂದೆ ಗಢವಾಲಿಗಳ ಹೆಸರು ಹಿಂದೆ ಸರಿಯಿತು.

ಅದೇ ವರ್ಷದ ಕೊನೆಗೆ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿನಲ್ಲಿದ್ದ ಗಾಂಧೀಜಿಯನ್ನು ಷಾರ್ಲ್ ಪೆಟ್ರಾಶ್ ಎಂಬ ಫ್ರೆಂಚ್ ಪತ್ರಕರ್ತ ನೇರವಾಗಿಯೇ ಕೇಳಿದ: ಅಹಿಂಸೆಯ ಮುಂದಾಳುವಾದ ನೀವು, ಗುಂಡು ಹಾರಿಸಲೊಲ್ಲದ ಈ ಸಿಪಾಯಿಗಳ ಕೈ ಯಾಕೆ ಹಿಡಿಯಲಿಲ್ಲ? ಗಾಂಧೀಜಿ ತಪ್ಪಿಸಿಕೊಳ್ಳಲಿಲ್ಲ. ಆಜ್ಞೆಗೆ ಓಗೊಡದ ಸೈನಿಕ ತಾನು ತೊಟ್ಟ ಪ್ರತಿಜ್ಞೆ ಮುರಿಯುತ್ತಾನೆ, ಅದು ಅಪರಾಧವೇ ಎಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾಳೆ ನನ್ನ ಕೈಗೆ ಅಧಿಕಾರ ಬಂದರೆ ಇದೇ ಸೈನಿಕರನ್ನು ನಾನೂ ಬಳಸಿಕೊಳ್ಳಬೇಕಾದೀತು, ಇವತ್ತು ಮೀರುವುದನ್ನು ಕಲಿಸಿದರೆ ನಾಳೆ ನನಗೂ ಅದನ್ನೇ ಮಾಡಿಯಾರು ಎಂಬ ಮಾತನ್ನೂ ಸೇರಿಸಿದರು. ರಜನಿ ಪಾಮ್ ದತ್ತರಂಥ ಕಮ್ಯುನಿಸ್ಟ್ ಬರಹಗಾರರು ಈ ಮಾತನ್ನು ಗಾಂಧಿಯ ಮೇಲಿನ ದೊಡ್ಡ ಆರೋಪಪಟ್ಟಿಯಾಗಿ ಎತ್ತಿ ಹಿಡಿದರು. ಓದಿದ ಯಾರಿಗೂ ಒಮ್ಮೆ ಚುಚ್ಚುತ್ತದೆ, ಬಾಗೇಶ್ವರದ ಟೋಪಿ ನೆನಪಾದರೆ ಇನ್ನಷ್ಟು.

ಆದರೆ ಪೆರ್ಡೂರಿನಂಥ ಮೇಳದ ಊರಿನಲ್ಲಿ ಬೆಳೆದ ನನಗೆ ಈ ವಾದ ಗುರುತು ಪರಿಚಯವಿಲ್ಲದ್ದೇನೂ ಅಲ್ಲ. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ತಾಳಮದ್ದಲೆ. ಹೊರಗೆ ಜಿರಿಜಿರಿ ಮಳೆ, ಒಳಗೆ ಚಾಪೆಯ ಮೇಲೆ ಎದುರುಬದುರು ಕೂತ ಅರ್ಥಧಾರಿಗಳು, ಹೆಗಲಿಗೊಂದು ಶಾಲು. ಭಾಗವತರು ಪದ್ಯ ಮುಗಿಸಿ ತಾಳ ಕೆಳಗಿಟ್ಟರೆಂದರೆ ಶುರು. ‘ಕರ್ಣಭೇದನ’ದಲ್ಲಿ ಕೃಷ್ಣ ಹುಟ್ಟಿನ ಗುಟ್ಟು ಬಿಚ್ಚಿಟ್ಟರೂ ಕರ್ಣ ಪಾಳಯ ಬದಲಿಸುವುದಿಲ್ಲ, ಉಂಡ ಅನ್ನ ಅಡ್ಡ ಬರುತ್ತದೆ. ‘ಕೃಷ್ಣಸಂಧಾನ’ದಲ್ಲಿ ವಿದುರ ತುಂಬಿದ ಸಭೆಯಲ್ಲಿ ಬಿಲ್ಲು ಮುರಿದು, ಈ ಯುದ್ಧ ನನ್ನದಲ್ಲ ಎಂದು ನಡೆದುಬಿಡುತ್ತಾನೆ. ಕರ್ಣನ ಅರ್ಥಕ್ಕೆ ಕಣ್ಣು ಒದ್ದೆ ಮಾಡಿಕೊಳ್ಳುವ ಮುದುಕರೇ ವಿದುರನ ಅರ್ಥಕ್ಕೆ ಭಲೇ ಎನ್ನುವುದನ್ನು ನೋಡಿದ್ದೇನೆ. ಇಬ್ಬರೂ ಸರಿ ಎಂದು ಒಪ್ಪಲು ಅವರಿಗೆ ಏನೂ ಕಷ್ಟವಿಲ್ಲ.

ಗಾಂಧೀಜಿಗೆ ಬೇಕಾಗಿದ್ದವನು ವಿದುರ. ಯುದ್ಧಕ್ಕೆ ಮೊದಲು ಬಿಲ್ಲು ಮುರಿ, ಸಂಬಳ ಬಿಡು, ಆಮೇಲೆ ಬೇಕಾದಷ್ಟು ಅಸಹಕಾರ ಮಾಡು. 1921ರ ಹೇಳಿಕೆಯೂ ಬಿಟ್ಟು ಬನ್ನಿ ಎಂದಿತ್ತೇ ಹೊರತು ಒಳಗಿದ್ದು ಮೀರಿ ಎಂದಿರಲಿಲ್ಲ. ಮಾತಿಗೆ ಮಾತು ಹೊಂದುತ್ತದೆ, ಒಪ್ಪೋಣ. ಆದರೆ ಗಢವಾಲಿಗಳು 24ರಂದು ಕೇಳಿದ್ದಾದರೂ ಏನು? ನೌಕರಿಯಿಂದ ಬಿಡಿ ಎಂದೇ ಅಲ್ಲವೆ? ವಿದುರನಿಗೆ ಎದ್ದು ಹೋಗಲು ಒಂದು ಮನೆಯಿತ್ತು, ಸಿಪಾಯಿಗೆ ರಾಜೀನಾಮೆಯ ಹಕ್ಕೇ ಇರುವುದಿಲ್ಲ. ಅರ್ಜುನನ ಮಾತಂತೂ ಬೇರೆಯೇ. ಎರಡೂ ಸೈನ್ಯಗಳ ನಡುವೆ ರಥ ನಿಲ್ಲಿಸಿಕೊಂಡು ಗಾಂಡೀವ ಕೆಳಗಿಟ್ಟ ಅವನಿಗೆ ಸಿಕ್ಕಿದ್ದು ಹದಿನೆಂಟು ಅಧ್ಯಾಯ, ಕೋರ್ಟ್ ಮಾರ್ಷಲ್ ಅಲ್ಲ.

1934ರ ಫೆಬ್ರವರಿ 25ರಂದು ಗಾಂಧೀಜಿ ಹರಿಜನ ಪ್ರವಾಸದಲ್ಲಿ ಉಡುಪಿಗೆ ಬಂದು ಅಜ್ಜರಕಾಡಿನಲ್ಲಿ ಮಾತಾಡಿದರು. ಅಸ್ಪೃಶ್ಯತೆಯದೇ ಮಾತು, ನಿಧಿಗೆ ಒಡವೆ ಕೊಡುವವರ ಸಾಲು. ಸದಾಶಿವರಾಯರು ಅಷ್ಟರಲ್ಲಿ ಇದ್ದದ್ದನ್ನೆಲ್ಲ ದೇಶಕ್ಕೆ ಸುರಿದು ಕೈ ಬರಿದು ಮಾಡಿಕೊಂಡಿದ್ದರು. ಇನ್ನು ಮೂರು ವರ್ಷಕ್ಕೆ ತೀರಿಕೊಂಡರು. ಚಳವಳಿ ತಣ್ಣಗಾಗಿತ್ತು. ಚಂದ್ರ ಸಿಂಗ್ ಆಗ ಜೈಲಿನಲ್ಲಿ ನಾಲ್ಕನೆಯ ವರ್ಷ ಎಣಿಸುತ್ತಿದ್ದ. ಬರೇಲಿ, ಲಖನೌ, ಅಲ್ಮೋಡಾ, ಹೀಗೆ ಜೈಲಿನಿಂದ ಜೈಲಿಗೆ. ಯಶಪಾಲರಂಥ ಕ್ರಾಂತಿಕಾರಿಗಳ ಸಹವಾಸ ಅಲ್ಲೇ ಆಯಿತು. ಕಮ್ಯುನಿಸಂ ಕಲಿತದ್ದೂ ಅಲ್ಲೇ. 1937ರಲ್ಲಿ ಸಂಯುಕ್ತ ಪ್ರಾಂತದಲ್ಲಿ ಕಾಂಗ್ರೆಸ್ಸಿನದೇ ಸರಕಾರ ಬಂದು ಕಾಕೋರಿ ಮೊಕದ್ದಮೆಯ ಕೈದಿಗಳು ಹೊರಬಂದರು. ಚಂದ್ರ ಸಿಂಗ್ ಬರಲಿಲ್ಲ. ಬಂದದ್ದು 1941ರ ಸೆಪ್ಟೆಂಬರಿನಲ್ಲಿ, ಅದೂ ಗಢವಾಲಕ್ಕೆ ಕಾಲಿಡಬಾರದೆಂಬ ಷರತ್ತಿನ ಮೇಲೆ. ಭಂಡಾರಿ ಎಂಬ ಮನೆತನದ ಹೆಸರು ಅಷ್ಟು ಹೊತ್ತಿಗೆ ಬಿದ್ದುಹೋಗಿ ಊರಿನ ಹೆಸರೇ ‘ಗಢವಾಲಿ’ ಎಂದು ಅಂಟಿಕೊಂಡಿತ್ತು. ಆ ಊರಿಗೇ ಪ್ರವೇಶವಿಲ್ಲ. ಕೆಲವು ಕಾಲ ವಾರ್ಧಾ ಆಶ್ರಮದಲ್ಲಿ ಗಾಂಧೀಜಿಯ ಬಳಿಯೇ ಇದ್ದರು. ತನ್ನನ್ನು ಬಿಡಿಸಲೊಲ್ಲದವರ ಮೇಲೆ ಹಗೆ ಇಟ್ಟುಕೊಳ್ಳದ ಮನುಷ್ಯ! 1942ರಲ್ಲಿ ಮತ್ತೆ ಚಳವಳಿ, ಮತ್ತೆ ಜೈಲು.

ಜನರ ಬೆಂಬಲಕ್ಕೆ ಎಷ್ಟು ಕಸುವಿರಬಹುದೆಂದು ದೇಶ ನೋಡಿದ್ದು 1945ರ ಚಳಿಗಾಲದಲ್ಲಿ. ಆಜಾದ್ ಹಿಂದ್ ಫೌಜಿನ ಶಾಹ್ ನವಾಜ್, ಸೆಹಗಲ್, ಧಿಲ್ಲೋನ್ ಮೂವರನ್ನು ನವೆಂಬರ್ 5ರಿಂದ ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಲ್ಲಿಸಿದರು. ಪ್ರತಿಜ್ಞೆ ಮುರಿದವರು ಎಂದರೆ ಇವರಿಗಿಂತ ಹೆಚ್ಚಿನವರಿಲ್ಲ. ಎದುರು ಪಾಳಯ ಸೇರಿ ಯುದ್ಧವನ್ನೇ ಮಾಡಿದ್ದರು. ಆ ಫೌಜಿನಲ್ಲಿ, ಸಿಂಗಾಪುರದಲ್ಲಿ ಸೆರೆಸಿಕ್ಕಿದ ಗಢವಾಲಿಗಳೂ ಇದ್ದರೆಂಬುದು ಕುತೂಹಲದ ಸಂಗತಿ. ಈ ಸಲ ಕಾಂಗ್ರೆಸ್ ಹಿಂದೆಮುಂದೆ ನೋಡಲಿಲ್ಲ. ಭೂಲಾಭಾಯಿ ದೇಸಾಯಿ ವಾದಕ್ಕೆ ನಿಂತರು. ಜವಾಹರಲಾಲ್ ನೆಹರೂ ಎಷ್ಟೋ ವರ್ಷದ ಮೇಲೆ ಬ್ಯಾರಿಸ್ಟರ್ ಗೌನು ಹಾಕಿದರು. ಊರೂರಿನಲ್ಲಿ ನಿಧಿ, ಹರತಾಳ, ಮೆರವಣಿಗೆ. ಜೀವಾವಧಿ ಕರಿನೀರಿನ ತೀರ್ಪು ಬಂತು. 1946ರ ಜನವರಿ 3ರಂದು ಸೇನಾಪತಿ ಆಕಿನ್‌ಲೆಕ್ ಅದನ್ನು ರದ್ದು ಮಾಡಿ ಮೂವರನ್ನೂ ಬಿಟ್ಟ. 1931ರಲ್ಲಿ ಆಗದ್ದು ಆಗಿಹೋಯಿತು. ಚುನಾವಣೆ ಎದುರಿಗಿತ್ತು, ಬ್ರಿಟಿಷರು ಗಂಟುಮೂಟೆ ಕಟ್ಟುವುದು ಕಾಣುತ್ತಿತ್ತು ಎಂಬುದನ್ನೂ ಹೇಳಬೇಕು.

ಇದಾಗಿ ಆರು ವಾರಕ್ಕೆ ಬೊಂಬಾಯಿಯಲ್ಲಿ ನೌಕಾಪಡೆ ಎದ್ದಿತು. ನಮ್ಮ ಉಡುಪಿ, ಕಾರ್ಕಳ, ಕುಂದಾಪುರದ ಎಷ್ಟೋ ಹುಡುಗರು ಹೋಟೆಲು ಕೆಲಸಕ್ಕೆಂದು ಆ ಪಟ್ಟಣ ಸೇರಿದ್ದ ಕಾಲ. ಫೆಬ್ರವರಿ 18ರಂದು ‘ತಲ್ವಾರ್’ ತರಬೇತಿ ಕೇಂದ್ರದ ನಾವಿಕರು ಹಾಳು ಊಟದ ಮೇಲೆ ಶುರು ಮಾಡಿದ ಮುಷ್ಕರ ಹಡಗಿನಿಂದ ಹಡಗಿಗೆ ಹಬ್ಬಿತು. ಅಧಿಕಾರಿಗಳು ಅನ್ನನೀರು ತಡೆದಾಗ ಜನ ಗೇಟ್‌ವೇ ಆಫ್ ಇಂಡಿಯಾದ ಹತ್ತಿರ ಬುತ್ತಿ, ಹಣ್ಣು, ನೀರಿನ ಕೊಡ ಹಿಡಿದು ಬಂದು ದೋಣಿಗಳಿಗೆ ದಾಟಿಸಿದರು. 22ರಂದು ಗಿರಣಿಗಳು ನಿಂತವು. ಬೀದಿಗಿಳಿದವರ ಮೇಲೆ ನಡೆದ ಗೋಲೀಬಾರಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸೈನ್ಯದವರಿಗಾಗಿ ಊರವರು ಸತ್ತ ಅಂಥ ದಿನ ನಮ್ಮ ಚರಿತ್ರೆಯಲ್ಲಿ ಅಪರೂಪ. ಮರುದಿನ ವಲ್ಲಭಭಾಯಿ ಪಟೇಲರ ಮಾತಿಗೆ ಕಟ್ಟುಬಿದ್ದು ನಾವಿಕರು ಶರಣಾದರು. ಸೈನ್ಯದ ಶಿಸ್ತಿಗೆ ಕೈಹಾಕುವಂತಿಲ್ಲ, ಸ್ವತಂತ್ರ ಭಾರತಕ್ಕೂ ಸೈನ್ಯ ಬೇಕು ಎಂದು ಪಟೇಲರು ಆಮೇಲೆ ಒಂದು ಪತ್ರದಲ್ಲಿ ಬರೆದರು. ಲಂಡನ್ನಿನ ಮಾತಿನ ಪ್ರತಿಧ್ವನಿಯೇ ಇದು. ವಜಾ ಆದ ನಾವಿಕರನ್ನು 1947ರ ನಂತರ ಮರಳಿ ತೆಗೆದುಕೊಳ್ಳಲಿಲ್ಲ. ಆಜಾದ್ ಹಿಂದ್ ಫೌಜಿನವರಿಗೂ ಭಾರತದ ಸೈನ್ಯದಲ್ಲಿ ಜಾಗ ಸಿಗಲಿಲ್ಲ. 1950ರ ಸೇನಾ ಕಾಯಿದೆಯ 37ನೆಯ ಕಲಮಿನಲ್ಲಿ ದಂಗೆಗೆ ಮರಣದಂಡನೆಯವರೆಗೂ ಶಿಕ್ಷೆಯಿದೆ. 41ನೆಯದರಲ್ಲಿ, ಮೇಲಧಿಕಾರಿಯ ಆಜ್ಞೆಯನ್ನು ಬೇಕೆಂದೇ ಧಿಕ್ಕರಿಸಿದರೆ 14 ವರ್ಷದವರೆಗೆ. ಗಾಂಧೀಜಿ ಮುಂದಾಗಿ ಕಂಡದ್ದು ತಪ್ಪಾಗಿರಲಿಲ್ಲ. ಯಾವ ಸರಕಾರವೂ ಬೇಡವೆನ್ನುವ ಸಿಪಾಯಿಯನ್ನು ಸಾಕಿಕೊಳ್ಳುವುದಿಲ್ಲ, ಅವನಿಂದಲೇ ತನಗೆ ಜಯ ಬಂದಿದ್ದರೂ.

ಚಂದ್ರ ಸಿಂಗ್ ಗಢವಾಲಿ ತಮ್ಮ ಬೆಟ್ಟಕ್ಕೆ ಮರಳಿದ್ದು 1946ರಲ್ಲಿ. 1948ರಲ್ಲಿ ಟೆಹರಿ ರಾಜನ ವಿರುದ್ಧದ ಹೋರಾಟದಲ್ಲಿ ನಾಗೇಂದ್ರ ಸಕಲಾನಿ ಗುಂಡಿಗೆ ಬಲಿಯಾದಾಗ ಹೆಣ ಹೊತ್ತ ಮೆರವಣಿಗೆಯ ಮುಂದೆ ನಡೆದವರು ಇವರು. ಕಮ್ಯುನಿಸ್ಟ್ ಪಕ್ಷದಲ್ಲಿದ್ದ ಕಾರಣಕ್ಕೆ ಸ್ವತಂತ್ರ ಭಾರತದಲ್ಲೂ ಜೈಲು ಕಂಡರು. 1979ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ತೀರಿಕೊಂಡರು. 1994ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪು ತಂದಿತು. ಉತ್ತರಾಖಂಡ ಬೇರೆ ರಾಜ್ಯವಾದ ಮೇಲೆ ಅಲ್ಲಿನ ಸರಕಾರ ಪ್ರವಾಸೋದ್ಯಮದ ಒಂದು ಸ್ವಂತ ಉದ್ಯೋಗ ಯೋಜನೆಗೆ ವೀರ ಚಂದ್ರ ಸಿಂಗ್ ಗಢವಾಲಿಯ ಹೆಸರಿಟ್ಟಿತು. ಟ್ಯಾಕ್ಸಿ ತೆಗೆದುಕೊಳ್ಳುವವರಿಗೆ, ಯಾತ್ರೆಯ ದಾರಿಯಲ್ಲಿ ಸಣ್ಣ ಹೋಟೆಲು ಹಾಕುವವರಿಗೆ ಅದರಲ್ಲಿ ಬ್ಯಾಂಕ್ ಸಾಲ, ಸಾಲಕ್ಕೆ ಸಬ್ಸಿಡಿ ಸಿಗುತ್ತದೆ.